ಬಿರುಕಿಗೆ ಹಚ್ಚಿದ ಕಾಗದ

ಮೊನ್ನೆ ಸಿಂಧನೂರಿನ ನಮ್ಮ ಮನೆಯಲ್ಲಿ ಮಗಳು ಗಾಳಿಪಟಕ್ಕೆಂದು ಮೈದಾ ಅಂಟು ಕಾಯಿಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಮತ್ತೆ ಆ ದಿನದ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ ಆಯಿತು...

ಆಗ ನಾನು ಲಿಂಗಸುಗೂರಿನ ಒಂದು ಶಾಲೆಯಲ್ಲಿ ಸಂಗೀತದ ಟೀಚರ್. ಹಳೆಯ ಹಾಲ್‌ನಲ್ಲಿ, ಗೋಡೆಗೆ ಒತ್ತಿಕೊಂಡು, ಅಷ್ಟೇ ಹಳೆಯ ಪಿಯಾನೊ. ಶ್ರುತಿ ಮಾಡಲು ಮಸ್ಕಿಯಿಂದ, ನಾವೆಲ್ಲ ಚಾಚಾ ಎನ್ನುತ್ತಿದ್ದ ಹಿರಿಯರೊಬ್ಬರು ಬರುತ್ತಿದ್ದರು. ಹಾರ್ಮೋನಿಯಂ ರಿಪೇರಿ ಅವರ ಕಸುಬು. ಹಾರ್ಮೋನಿಯಂನಂತೆ ಪಿಯಾನೊವನ್ನೂ ಪೇಟಿ ಎಂದೇ ಕರೆಯುತ್ತಿದ್ದರು. ಅವರು ಶ್ರುತಿ ಮಾಡಿ ಹೋದ ವಾರದೊಳಗೇ ಅದು ಮತ್ತೆ ಅಪಸ್ವರ. ನಾಲ್ಕನೇ ಸಲ ಕರೆಸಿದಾಗ ನನ್ನ ತಾಳ್ಮೆ ಮುಗಿದಿತ್ತು.

ಅಂದು ಅವರು ತಂತಿ ಮುಟ್ಟಲಿಲ್ಲ. ಜೇಬಿನಿಂದ ಗೋಲಿ ತೆಗೆದು ನೆಲಕ್ಕಿಟ್ಟರು. ಅದು ಗೋಡೆಯ ಕಡೆ ಓಡಿತು.

“ಹ್ವಾದ ಸಲ ಬಾಗಿಲ ಕಡೆ ಓಡಿತ್ತು, ಟೀಚರಮ್ಮ. ತಂತಿ ಚೊಲೊ ಅದಾವ, ಮೊಳಿ ಬಿಗಿ ಅದಾವ. ನೆಲಾನ ಜರಗಾಕತ್ತೈತಿ. ಅದರ ಕೂಡ ಪೇಟಿನೂ ತಿರುಚತೈತಿ. ಶ್ರುತಿ ಹೆಂಗ ನಿಲ್ಲಬೇಕು?”

“ನಿಮ್ಮ ತಪ್ಪು ನೆಲದ ಮ್ಯಾಲೆ ಹಾಕ್ತೀರೇನು ಚಾಚಾ?”

“ಮೂರು ಸಲ ನನ್ನ ಬೈದೀರಿ. ಇದೊಂದ್ಸಲ ನೆಲಾನ ಬೈರಿ.”

ಗೋಡೆಯ ಹಿಂದೆ ಹೊಸ ಚರಂಡಿಯ ನೀರು ಎರೆಮಣ್ಣಿಗೆ ಇಳಿಯುತ್ತಿತ್ತು. ಆ ಮಣ್ಣು ನೀರು ಕುಡಿದು ಉಬ್ಬಿ ಗೋಡೆಯನ್ನು ಸರಿಸುತ್ತದೆ ಎಂದು ಚಾಚಾ ತೋರಿಸಿದರು. ಬಿಸಿಯೂಟದ ಕೋಣೆಯಲ್ಲಿ ಮೈದಾ ಅಂಟು ಕಾಯಿಸಿ ತಂದು, ಗೋಡೆಯ ಬಿರುಕಿಗೆ ಅಡ್ಡಲಾಗಿ ಪೇಪರಿನ ಪಟ್ಟಿ ಹಚ್ಚಿದರು. “ಇದು ಹರೀತಂದ್ರ ಗೋಡಿ ಹೊಂಟೈತಿ ಅಂತ ತಿಳೀರಿ. ಮೊದಲು ಹುಡುಗರನ್ನ ಹೊರಗ ಕರಕೊಂಡು ಹೋಗ್ರಿ.”

ಕೆಲಸ ಬಾರದವರ ನೆಪ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ.

ಒಂಬತ್ತು ದಿನಗಳ ನಂತರ, ಹನ್ನೊಂದು ಹತ್ತಕ್ಕೆ, ಮಕ್ಕಳ ಹಾಡಿನ ಪ್ರಾಕ್ಟೀಸ್‌ಗೆಂದು ಪಿಯಾನೊದ ಒಂದು ಕೀ ಒತ್ತಿದೆ. ಅಪಸ್ವರ. ಚಾಚಾನ ಮೇಲೆ ಸಿಟ್ಟು ಬಂದು ತಲೆ ಎತ್ತಿದರೆ, ಕಾಗದ ಎರಡಾಗಿತ್ತು. ಅದನ್ನು ಕಂಡ ಮೇಲೂ ನಾನು ಒಂದು ಚರಣ ಹಾಡಿಸಿದೆ. ಈಗಲೂ ಕಣ್ಣು ಮುಚ್ಚಿದರೆ ಆ ಚರಣ ಮುಗಿಯುವುದೇ ಇಲ್ಲ... ಮೇಲಿಂದ ಗಾರೆಯ ಪುಡಿ ಉದುರಿದಾಗ ಮಕ್ಕಳನ್ನು ಹೊರಗೆ ಓಡಿಸಿದೆ. ಕೊನೆಯ ಹುಡುಗಿ ಚಪ್ಪಲಿ ಹುಡುಕುತ್ತಾ ನಿಂತಿದ್ದಳು. ತೋಳು ಹಿಡಿದು ಎಳೆದೆ. ಗೋಡೆ ಪಿಯಾನೊದ ಮೇಲೆ ಬಿತ್ತು. ಎಲ್ಲ ತಂತಿಗಳೂ ಒಮ್ಮೆಗೇ ಕೂಗಿದವು.

ಯಾರಿಗೂ ಪೆಟ್ಟಾಗಲಿಲ್ಲ. ಆದರೂ ಅಂದಿನಿಂದ ನನಗೆ ನಿದ್ದೆ ಹತ್ತಲಿಲ್ಲ. ಎರಡು ವಾರ ಕಳೆದು ಮಸ್ಕಿಗೆ ಹೋಗಿ, ಆ ಒಂದು ಚರಣದ ಮಾತನ್ನು ಚಾಚಾನಿಗೆ ಹೇಳಿದೆ. ಅವರು ಕೈಯಲ್ಲಿದ್ದ ಹಾರ್ಮೋನಿಯಂ ರೀಡನ್ನು ಒರೆಸಿ ಕೆಳಗಿಟ್ಟರು.

“ನಾನೂ ಹೆಡ್ ಮಾಸ್ತರ ಮುಂದ ಹೇಳಬೇಕಿತ್ತು ಬೇಟಿ. ಪೇಟಿ ರಿಪೇರಿಯವ ಗೋಡಿ ಬಗ್ಗೆ ಮಾತಾಡಿದ್ರ ನಗ್ತಾರಂತ ಸುಮ್ನ ಕಾಗದ ಹಚ್ಚಿ ಬಂದೆ. ಗೋಡಿ ಬಿದ್ದಾಗಿಂದ ನನಗೂ ನಿದ್ದಿ ಇಲ್ಲ.”

ಹೋದ ವರ್ಷ ಚಾಚಾ ತೀರಿಕೊಂಡರು. ಮಗಳ ಗಾಳಿಪಟ ಮುಗಿದು, ಅಂಟು ಪಾತ್ರೆಯ ತಳದಲ್ಲಿ ಒಣಗಿದೆ. ಮಸ್ಕಿಯಿಂದ ಬಂದ ಆ ರಾತ್ರಿ ನಾನು ಬೆಳಗಿನವರೆಗೂ ಚೆನ್ನಾಗಿ ನಿದ್ದೆ ಮಾಡಿದ್ದೆ. ಚಾಚಾನಿಗೆ ನಿದ್ದೆ ಹತ್ತಿತೇ ಎಂದು ಆಮೇಲೆ ಒಮ್ಮೆಯೂ ಹೋಗಿ ಕೇಳಲಿಲ್ಲ.