ಕಾಲುಂಗುರ ಬಿಚ್ಚಿಸಿದ ಸ್ಕ್ಯಾನು

ತಲೆಯ ರಕ್ತನಾಳ ಉಬ್ಬಿರಬಹುದೆಂದು ಡಾಕ್ಟರು ಬರೆದ ಸ್ಕ್ಯಾನಿಗೆ ಕೊಪ್ಪಳದಲ್ಲಿ ಆರೂವರೆ ಸಾವಿರ ಕೊಟ್ಟೆ. ಸ್ಕ್ಯಾನ್ ಸೆಂಟರಿನವರು ಕೇಳಿದ್ದು ಒಂಬತ್ತು.

“ಚಿತ್ರ ಚೊಲೊ ಕಾಣಾಕ ಔಷಧದ ಸೂಜಿ ಹಾಕ್ತೀರೇನ್ರಿ?” ಎಂದೆ.

“ನಿಮಗ ಬೇಕಾಗಂಗಿಲ್ರಿ ಅಕ್ಕಾರ.”

“ಹಂಗಾದ್ರ ಅದರ ರೊಕ್ಕ ಯಾಕ ಹಿಡದೀರಿ?”

ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ ಮಾಡಿ ಮೇಲೆ ಬಂದವಳು ನಾನು. ಚೀಲದ ತೂಕವನ್ನು ಅಕ್ಕಿಯಲ್ಲಿ ಸೇರಿಸಲು ಯಾರಿಗೂ ಬಿಟ್ಟವಳಲ್ಲ.

ನಿಜವಾದ ಜಗಳ ಹೊರಡುವ ಮೊದಲೇ ಮನೆಯಲ್ಲಾಗಿತ್ತು. ಆ ಎಂಆರ್‌ಐ ಯಂತ್ರವೇ ದೊಡ್ಡ ಅಯಸ್ಕಾಂತ, ಮೈಮೇಲೆ ಲೋಹ ಇರಬಾರದು ಎಂದು ಡಾಕ್ಟರು ಹೇಳಿದ್ದರು. ತಾಳಿ, ಕಾಲುಂಗುರ ತೆಗೆಯುತ್ತೇನೆಂದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

“ಗಂಡ ಇದ್ದಾಕಿ ಬರೇ ಕೊರಳಾಗ ಹೊಕ್ಕೀಯೇನು?”

“ತಲ್ಯಾಗಿನ ನಾಳ ಒಡದು ನಾನ ಹೋದ್ರ, ನಿಮ್ಮ ಮಗ ತಾಳಿ ಯಾರಿಗಿ ಕಟ್ತಾನ, ಅದನ್ನ ಹೇಳ್ರಿ ಅತ್ತಿ.”

ತಾಳಿ ಬಿಚ್ಚಿಟ್ಟು, ಅರಿಶಿಣದ ಕೊಂಬನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡೆ. ಬೆರಳಿಗೆ ಕಚ್ಚಿಕೊಂಡಿದ್ದ ಕಾಲುಂಗುರವನ್ನು ಅಕ್ಕಸಾಲಿಗ ಪತ್ತಾರರ ಕೈಯಲ್ಲಿ ಕತ್ತರಿಸಿಕೊಂಡು ಹೊರಟೆ. ಪುಣ್ಯಕ್ಕೆ ನಾಳ ಉಬ್ಬಿರಲಿಲ್ಲ.

ನೀವು ಇಂಥ ಸ್ಕ್ಯಾನಿಗೆ ಹೋಗುವಾಗ ಸೂಜಿ ಸೇರಿ ಎಷ್ಟು, ಬಿಟ್ಟು ಎಷ್ಟು ಎಂದು ಮೊದಲೇ ಕೇಳಿ. ಮೈಯೊಳಗೆ ಹಿಂದಿನ ಆಪರೇಷನ್ನಿನಲ್ಲಿ ಹಾಕಿದ ರಾಡು, ಕ್ಲಿಪ್ಪು ಇದ್ದರೆ ಮುಚ್ಚಿಡದೆ ಹೇಳಿ. ಕಾಲುಂಗುರ ಸಡಿಲ ಇದೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಿ. ಅತ್ತೆಯ ಒಪ್ಪಿಗೆಗೆ ಮಾತ್ರ ಕಾಯಬೇಡಿ.