ಬೇಡದ ಸ್ವಿಚ್ಚಿಗಾಗಿ ತಿರುವನಂತಪುರಕ್ಕೆ

ಬೆಳಗ್ಗೆ ಐದೂವರೆಗೆ ಬರುತ್ತೇನೆಂದು ಮಾತು ಕೊಟ್ಟಿದ್ದ ಆಟೋದವನು ಬಂದಾಗ ಆರಕ್ಕೆ ಹತ್ತೇ ನಿಮಿಷ ಬಾಕಿ. ಕಾಕ್ಕನಾಡಿನ ನಮ್ಮ ಫ್ಲ್ಯಾಟಿನಿಂದ ಎರ್ನಾಕುಲಂ ಸ್ಟೇಷನ್ನಿಗೆ ಹತ್ತು ಹನ್ನೆರಡು ಕಿಲೋಮೀಟರು. ನೂರ ಇಪ್ಪತ್ತು ರೂಪಾಯಿ ಕೇಳಿದ. ಜಗಳ ಆಡಲು ಪುರುಸೊತ್ತಿಲ್ಲದೆ ಕೊಟ್ಟೆ. ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಇಳಿದು ಪ್ಲಾಟ್‌ಫಾರ್ಮು ಮುಟ್ಟಿದರೆ ರೈಲು ಮುಕ್ಕಾಲು ಗಂಟೆ ತಡ. ಸಿಗದೆ ಹೋಗಿದ್ದರೆ ಒಂದು ಸಿಟ್ಟು, ಸಿಕ್ಕಿದ್ದಕ್ಕೆ ಇನ್ನೊಂದು ಸಿಟ್ಟು. ಜೊತೆಗಿದ್ದ ಫ್ಲಾವಿಯಾ ಮಾತ್ರ ಬೆಂಚಿನ ಮೇಲೆ ಆರಾಮವಾಗಿ ಕೂತು ಪಳಂಪೊರಿ ತಿನ್ನುತ್ತಿದ್ದಳು. ಬಾಳೆಹಣ್ಣಿನ ಬಜ್ಜಿಯನ್ನು ಬೆಳಗ್ಗೆ ಆರೂವರೆಗೆ ತಿನ್ನಬಲ್ಲವರ ಬಗ್ಗೆ ನನಗೆ ಹೊಟ್ಟೆಕಿಚ್ಚಿದೆ.

ನಾನು ಮೈಸೂರಿನವಳು. ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ವರ್ಗವಾಗಿ ಕೊಚ್ಚಿಗೆ ಬಂದು ಆಗ ಆರು ವರ್ಷವಾಗಿತ್ತು. ಹನ್ನೆರಡು ಮನೆಗಳ ನಮ್ಮ ಕಟ್ಟಡದ ಸಂಘಕ್ಕೆ ಕಾರ್ಯದರ್ಶಿಯಾಗಲು ಯಾರೂ ಮುಂದೆ ಬಾರದಿದ್ದಾಗ ಬುದ್ಧಿಗೆಟ್ಟು ಒಪ್ಪಿಕೊಂಡಿದ್ದೆ. ಫ್ಲಾವಿಯಾ ಮಂಜೇಶ್ವರದ ಹುಡುಗಿ, ಐಟಿ ಪಾರ್ಕಿನಲ್ಲಿ ಕೆಲಸ, ನಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದಳು. ನನ್ನ ಮಲಯಾಳ ತರಕಾರಿ ಅಂಗಡಿ ದಾಟುವುದಿಲ್ಲ. ಹಾಗಾಗಿ ಒಂದು ದಿನ ರಜೆ ಹಾಕಿಸಿ ಅವಳನ್ನು ಎಳೆದುಕೊಂಡು ಹೊರಟಿದ್ದೆ.

ಹೊರಟ ಕಾರಣ ಇದು. ಸಂಘದಿಂದ ಚಾವಣಿಯ ಮೇಲೆ ಸೋಲಾರ್ ಫಲಕ ಹಾಕಿಸಿದ್ದೆವು. ಬಿಸಿಲಿನಲ್ಲಿ ಹುಟ್ಟಿದ ಕರೆಂಟನ್ನು ನಾವು ಬಳಸಿ, ಮಿಕ್ಕಿದ್ದನ್ನು ಬೀದಿಯ ಲೈನಿಗೆ ಕೊಡಬೇಕು, ಅದಕ್ಕೆ ವಿದ್ಯುತ್ ಮಂಡಳಿಯವರು ದುಡ್ಡು ಕೊಡಬೇಕು ಎನ್ನುವುದು ನಮ್ಮ ಆಸೆ. ಎರಡು ಸಾವಿರದ ಎಂಟನೇ ಇಸವಿಯ ಮಾತು. ಮನೆಯವರು ಕರೆಂಟ್ ಮಾರುವುದೆಂದರೆ ಅವರ ಕಚೇರಿಯಲ್ಲಿ ನಮ್ಮನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ಎಂಟು ತಿಂಗಳು ಅಲೆದಾಡಿಸಿದ ಮೇಲೆ ಪ್ರಯೋಗವೆಂದು ಒಪ್ಪಲು ಸಿದ್ಧರಾದರು, ಆದರೆ ಒಂದು ಷರತ್ತಿನ ಮೇಲೆ. ಕಟ್ಟಡದ ಹೊರಗೋಡೆಯಲ್ಲಿ, ಗೇಟಿನ ಪಕ್ಕ, ಕೈಗೆಟುಕುವ ಎತ್ತರದಲ್ಲಿ ಒಂದು ಸ್ವಿಚ್ ಇರಬೇಕು. ಲೈನ್‌ಮನ್ ಬಂದರೆ ಯಾರನ್ನೂ ಕೇಳದೆ ಅದನ್ನು ಇಳಿಸಿ ತನ್ನ ಬೀಗ ಹಾಕುವಂತಿರಬೇಕು.

ನನಗೆ ಮೈಯೆಲ್ಲ ಉರಿಯಿತು. ಐದು ಮಹಡಿ ಕೆಳಗೆ ದಪ್ಪ ಕೇಬಲ್ ಎಳೆಯಬೇಕು, ಹೊಸದಾಗಿ ಬಣ್ಣ ಬಳಿಸಿದ ಗೋಡೆ ಒಡೆಯಬೇಕು, ಹೋಗಿ ಬರುವವರೆಲ್ಲ ಅದರ ಮೇಲೆ ಕೈಯಾಡಿಸಬೇಕು. ಬೀದಿಯ ಕರೆಂಟ್ ಹೋದರೆ ಫಲಕದ ಕರೆಂಟನ್ನು ಲೈನಿಗೆ ಹೊಂದಿಸುವ ನಮ್ಮ ಇನ್ವರ್ಟರ್ ಯಂತ್ರ ತಾನೇ ನಿಂತುಹೋಗುತ್ತದೆ, ಲೈನ್‌ಮನ್ನಿಗೆ ಅಪಾಯವಿಲ್ಲ ಎಂದು ಕಂಪನಿಯ ಪುಸ್ತಿಕೆಯಲ್ಲೇ ಅಚ್ಚಾಗಿತ್ತು. ಮತ್ತೆ ಸ್ವಿಚ್ ಯಾಕೆ? ಅದನ್ನು ಕೈಬಿಡಿಸಲೆಂದೇ ಪುಸ್ತಿಕೆ ಹಿಡಿದು ರಾಜಧಾನಿಗೆ ಹೊರಟಿದ್ದೆ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಆ ತಾನೇ ನಿಂತುಹೋಗುವ ಗುಣವೇ ನಮ್ಮ ಕಟ್ಟಡದವರ ಸಿಟ್ಟಿಗೆ ಕಾರಣವಾಗಿತ್ತು. ನೆತ್ತಿ ಸುಡುವ ಬಿಸಿಲು, ತಲೆಯ ಮೇಲೆ ಫಲಕ, ಆದರೂ ಕರೆಂಟ್ ಹೋದರೆ ಫ್ಯಾನಿಲ್ಲ. ಇದೆಂಥ ಸೋಲಾರ್ ಎಂದು ಎಲ್ಲರೂ ನನ್ನನ್ನೇ ಬೈದರು. ಕೊನೆಗೆ ನನ್ನ ಗಂಡ ಒಬ್ಬ ಎಲೆಕ್ಟ್ರೀಷಿಯನ್ನನ್ನು ಹಿಡಿದು ತಂದರು. ಅವನು ಬ್ಯಾಟರಿಯ ಕರೆಂಟನ್ನು ಆ ಯಂತ್ರಕ್ಕೆ ತೋರಿಸಿ, ಬೀದಿಯಲ್ಲಿ ಕರೆಂಟ್ ಇದೆಯೆಂದು ನಂಬಿಸಿ, ಅದನ್ನು ಎಬ್ಬಿಸುವ ಉಪಾಯ ಮಾಡಿಕೊಟ್ಟ. ಅದಕ್ಕೆ ಮುಂಚೆ ವಾಚ್‌ಮನ್ ಸುಕುಮಾರನ್ ಕೆಳಗಿನ ಮೇನ್ ಸ್ವಿಚ್ ಇಳಿಸಬೇಕು, ಇಲ್ಲದಿದ್ದರೆ ನಮ್ಮ ಕರೆಂಟ್ ಬೀದಿಗೆ ಹರಿಯುತ್ತದೆ ಎಂದೂ ಹೇಳಿದ. ಸುಕುಮಾರನ್‌ಗೆ ಎರಡೆರಡು ಸಲ ಹೇಳಿ ನಾವು ಕೈತೊಳೆದುಕೊಂಡೆವು. ಅರ್ಜಿಯಲ್ಲಿ ಮಾತ್ರ ‘ಅನುಮತಿ ಸಿಗುವವರೆಗೆ ಚಾಲೂ ಮಾಡಿಲ್ಲ’ ಎಂದು ಬರೆದು ಸಹಿ ಹಾಕಿದ್ದೆ. ಎಲ್ಲರೂ ಹಾಗೇ ಬರೆಯುತ್ತಾರೆ ಎಂದುಕೊಂಡಿದ್ದೆ.

ರೈಲು ಕೋಟ್ಟಯಂ ದಾರಿಯಲ್ಲಿ ಹೋಯಿತು. ಸೆಕೆ ಎಂದರೆ ಸೆಕೆ; ಕಿಟಕಿಯಿಂದ ಬರುವ ಗಾಳಿಯೂ ಬಿಸಿ. ತಿರುವಲ್ಲಾದಲ್ಲಿ ಹತ್ತಿದ ನಿವೃತ್ತ ಮೇಷ್ಟರೊಬ್ಬರಿಗೆ ಫ್ಲಾವಿಯಾ ನಮ್ಮ ಕಥೆಯೆಲ್ಲ ಹೇಳಿದಳು. ಮುಂದೆ ಪ್ರತಿ ಚಾವಣಿಯೂ ಒಂದು ಅಂಗಡಿ ಆಗುತ್ತದೆ, ಕರೆಂಟಿಗೆ ಗಂಟೆಗೊಂದು ದರ ಬರುತ್ತದೆ, ಮೀನಿನ ಹಾಗೆ ಕೊಳ್ಳುವುದು ಮಾರುವುದು ನಡೆಯುತ್ತದೆ ಎಂದಳು. ಮೇಷ್ಟರು ಕೇಳಿಸಿಕೊಂಡು, ಮಧ್ಯಾಹ್ನ ಎಲ್ಲರೂ ಮಾರಲು ಕೂತರೆ ಕೊಳ್ಳುವವರು ಯಾರು, ಸಂಜೆ ಏಳಕ್ಕೆ ಎಲ್ಲರಿಗೂ ಬೇಕಾದಾಗ ಮಾರುವವರು ಯಾರು ಎಂದು ಕೇಳಿದರು. ಫ್ಲಾವಿಯಾ ನನ್ನ ಮುಖ ನೋಡಿದಳು. ನಾನು ಪುಸ್ತಿಕೆ ತಿರುವಿದೆ. ಮೇಷ್ಟರು ಕೊಲ್ಲಂವರೆಗೂ ಗೆದ್ದವರಂತೆ ಕೂತಿದ್ದರು.

ತಿರುವನಂತಪುರದಲ್ಲಿ ಇಳಿದಾಗ ಹನ್ನೆರಡೂವರೆ. ಕಚೇರಿ ಮುಟ್ಟುವ ಹೊತ್ತಿಗೆ ಊಟದ ವೇಳೆ. ನಾವೂ ಕುಸುಬಲಕ್ಕಿ ಅನ್ನ, ಅವಿಯಲ್, ಮೀನು ಸಾರು ಉಂಡೆವು. ನಾನು ಮೀನು ಬಿಟ್ಟು ಉಂಡೆ. ಆಮೇಲೆ ಶುರುವಾಯಿತು. ಮೊದಲ ಮೇಜಿನವರು ಎರಡನೇ ಮಹಡಿಗೆ ಕಳಿಸಿದರು. ಅಲ್ಲಿನವರು ಇದು ಹೊಸ ಬಗೆಯ ಅರ್ಜಿ, ಇದಕ್ಕೆ ಇನ್ನೂ ಮೇಜು ಗೊತ್ತಾಗಿಲ್ಲ ಎಂದರು. ಮತ್ತೊಬ್ಬರು ಅರ್ಜಿಯನ್ನೆಲ್ಲ ಓದಿ, ಚೆನ್ನಾಗಿದೆ ಎಂದು ಹೊಗಳಿ, ನಮ್ಮ ಕೈಗೇ ಕೊಟ್ಟರು. ನಾಲ್ಕೂವರೆಗೆ ಗೊತ್ತಾಗಿದ್ದೇನೆಂದರೆ ನೋಡಬೇಕಾದ ಎಂಜಿನಿಯರ್ ಮೇಡಂ ಸಭೆಯಲ್ಲಿದ್ದಾರೆ, ನಾಳೆ ಬರಬೇಕು. ಸಭೆ ಯಾವುದರ ಬಗ್ಗೆ ಎಂದು ಫ್ಲಾವಿಯಾ ಕೇಳಿದಳು. ವಿದ್ಯುತ್ ಮಾರುಕಟ್ಟೆಯ ಭವಿಷ್ಯದ ಬಗ್ಗೆಯಂತೆ. ಆ ಭವಿಷ್ಯ ಇಲ್ಲಿ ಬೆಂಚಿನ ಮೇಲೆ ಮೂರು ಗಂಟೆಯಿಂದ ಕೂತಿದೆ ಎಂದು ಹೇಳೆಂದೆ. ಅವಳು ಹೇಳಲಿಲ್ಲ.

“ಅಕ್ಕ, ಒಂದು ಸ್ವಿಚ್ಚಲ್ವಾ, ಇಟ್ಟುಬಿಡುವ. ನೀವು ಇಷ್ಟು ಕೋಪ ಮಾಡಿದ್ರೆ ಬಿ.ಪಿ. ಬರ್ತದೆ ಮಾರಾಯ್ರೆ” ಎಂದಳು.

ಅವಳ ಗೆಳತಿಯೊಬ್ಬಳು ಉಳ್ಳೂರಿನಲ್ಲಿ, ಮೆಡಿಕಲ್ ಕಾಲೇಜಿನ ಹತ್ತಿರ ಲೇಡೀಸ್ ಹಾಸ್ಟೆಲಿನಲ್ಲಿದ್ದಳು. ಇನ್ನೊಂದು ದಿನ ರಜೆ ಕೇಳಿಕೊಂಡು ಅಲ್ಲೇ ಉಳಿದೆವು. ಬೆಳಗ್ಗೆ ತಿಂಡಿಗೆ ಪುಟ್ಟು, ಕಡಲೆ. ಗಂಡ ಫೋನ್ ಮಾಡಿ, ಹೋದ ಕೆಲಸ ಆಯಿತೇ ಎಂದು ವಿಚಾರಿಸಿ, ಇವತ್ತು ಹನ್ನೆರಡರಿಂದ ಮೂರರವರೆಗೆ ನಮ್ಮ ಬೀದಿಯಲ್ಲಿ ಲೈನ್ ಕೆಲಸವಂತೆ, ಕರೆಂಟ್ ಇರುವುದಿಲ್ಲ, ಆದರೂ ನಮಗೇನು ಚಿಂತೆ ಎಂದು ನಕ್ಕರು. ನಾನೂ ನಕ್ಕೆ.

ಎಂಜಿನಿಯರ್ ಮೇಡಂ ಹನ್ನೊಂದೂವರೆಗೆ ಸಿಕ್ಕರು. ನನ್ನ ವಯಸ್ಸಿನವರೇ, ಕಡಿಮೆ ಮಾತಿನವರು. ಪುಸ್ತಿಕೆಯ ಪುಟ ತೆಗೆದು ತೋರಿಸಿದೆ. ಯಂತ್ರ ತಾನೇ ನಿಂತುಹೋಗುವಾಗ ಸ್ವಿಚ್ ದಂಡ ಎಂದು ಇಂಗ್ಲಿಷಿನಲ್ಲಿ ಕಾಲು ಗಂಟೆ ವಾದಿಸಿದೆ. ಚೆನ್ನಾಗಿಯೇ ವಾದಿಸಿದೆ. ಸದ್ಯ ಫಲಕ ಚಾಲೂ ಇದೆಯೇ ಎಂದು ಒಂದೇ ಪ್ರಶ್ನೆ ಕೇಳಿದರು. ಇಲ್ಲ ಎಂದೆ. ಅವರು ತಲೆಯಾಡಿಸಿ, ಇದನ್ನು ದಾಖಲೆಗೆ ಹತ್ತಿಸಿಕೊಂಡು ಬನ್ನಿ, ಊಟವಾದ ಮೇಲೆ ಬರೆದುಕೊಡುತ್ತೇನೆ, ಸ್ವಿಚ್ ಕೈಬಿಡುವ ಬಗ್ಗೆ ಯೋಚಿಸಬಹುದು ಎಂದರು. ಎರಡು ದಿನದಲ್ಲಿ ಮೊದಲ ಸಲ ನನಗೆ ಕೇರಳದ ಮೇಲೆ ಪ್ರೀತಿ ಬಂತು.

ದಾಖಲೆ ವಿಭಾಗದಲ್ಲಿ ಮತ್ತೆ ಸಾಲು. ನಮ್ಮ ಸರದಿ ಬಂದಾಗ ಒಂದು ಗಂಟೆ ದಾಟಿತ್ತು. ಮೇಜಿನ ಹಿಂದಿದ್ದವರ ಹೆಸರು ಶಶಿಧರನ್, ಐವತ್ತರ ಆಸುಪಾಸು. ಎಡಗೈಯಲ್ಲಿ ಮುದ್ರೆ ಒತ್ತುತ್ತಿದ್ದರು. ಬಲಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಅಂಗಿಯ ತೋಳನ್ನು ಮಡಿಚಿ ಪಿನ್ನು ಚುಚ್ಚಿದ್ದರು. ಅರ್ಜಿಯ ವಿಷಯ ಓದಿ ಅವರು ಮುದ್ರೆ ಕೆಳಗಿಟ್ಟು, ಸ್ವಿಚ್ ಯಾಕೆ ಬೇಡ ಎಂದು ಕೇಳಿದರು. ಗುಮಾಸ್ತರಿಗೂ ಉತ್ತರ ಕೊಡಬೇಕೇ ಎಂದು ನನಗೆ ತಲೆ ಚಿಟ್ಟು ಹಿಡಿಯಿತು. ಫ್ಲಾವಿಯಾ ವಿನಯದಿಂದ ಉತ್ತರ ಹೇಳಿದಳು. ಅವರು ನಿಧಾನವಾಗಿ ಏನೋ ಮಾತಾಡತೊಡಗಿದರು. ಅವಳು ತಗ್ಗಿದ ದನಿಯಲ್ಲಿ ನನಗೆ ಹೇಳುತ್ತಾ ಹೋದಳು.

ಅವರು ಮೊದಲು ಲೈನ್‌ಮನ್ ಆಗಿದ್ದರಂತೆ. ಒಂದು ದಿನ ತಾವೇ ಟ್ರಾನ್ಸ್‌ಫಾರ್ಮರಿನ ಹತ್ತಿರ ಹೋಗಿ ಲೈನ್ ಆಫ್ ಮಾಡಿ, ಕಂಬ ಹತ್ತಿದ್ದರಂತೆ. ಆ ಬೀದಿಯ ಅಂಗಡಿಯೊಂದರಲ್ಲಿ ಜನರೇಟರ್ ಹಾಕಿದರು. ಮೇನ್ ಸ್ವಿಚ್ ಇಳಿಸಿರಲಿಲ್ಲ. ಅಂಗಡಿಯ ಕರೆಂಟ್ ಹಿಂದಕ್ಕೆ ಲೈನಿಗೆ ಹರಿಯಿತು.

“ಮೊದಲು ಕರೆಂಟ್ ಒಂದು ಕಡೆಯಿಂದ ಬರ್ತಿತ್ತು, ಅದನ್ನು ನಿಲ್ಲಿಸಿದ್ರೆ ಸಾಕಿತ್ತು ಅಂತೆ ಅಕ್ಕ. ಇನ್ನು ಎಲ್ಲಾ ಮನೆಯಿಂದ ಬರ್ತದೆ. ಕಂಬ ಹತ್ತುವವ ಯಾವ ಮನೆಯನ್ನು ನಂಬಬೇಕು ಅಂತ ಕೇಳ್ತಿದ್ದಾರೆ” ಎಂದಳು ಫ್ಲಾವಿಯಾ.

ಅಂಗಡಿಯವನು ಕೆಟ್ಟವನೇ ಎಂದು ನಾನು ಫ್ಲಾವಿಯಾಳಿಂದ ಕೇಳಿಸಿದೆ. ಯಾಕೆ ಕೇಳಿದೆನೋ. ಶಶಿಧರನ್ ಇಲ್ಲವೆಂದು ತಲೆಯಾಡಿಸಿದರು. ಒಳ್ಳೆಯ ಮನುಷ್ಯ. ಸ್ವಿಚ್ ಇಳಿಸಲು ಕೆಲಸದವನಿಗೆ ಹೇಳಿಯೇ ಇದ್ದ. ಕೆಲಸದವನು ಊಟಕ್ಕೆ ಹೋಗಿದ್ದ.

ನಾನು ಗೋಡೆಯ ಕಡೆ ನೋಡಿದೆ. ಗಡಿಯಾರದಲ್ಲಿ ಒಂದು ಇಪ್ಪತ್ತು. ಸುಕುಮಾರನ್ ಒಂದಕ್ಕೆ ಸರಿಯಾಗಿ ಊಟಕ್ಕೆ ಮನೆಗೆ ಹೋಗುತ್ತಾನೆ. ವರಾಂಡಕ್ಕೆ ಓಡಿ ಫೋನ್ ಮಾಡಿದೆ. ಎರಡು ಸಲ ಬಿಝಿ. ಮೂರನೇ ಸಲ ಗಂಡ ಎತ್ತಿದರು.

“ರೀ, ಕರೆಂಟ್ ಇದ್ಯಾ?”

“ಬೀದೀದು ಆಗ್ಲೇ ಹೋಯ್ತು. ನಮ್ದು ಈಗ ತಾನೇ ಹಾಕ್ದೆ, ಹಾಯಾಗಿ ಫ್ಯಾನ್ ಕೆಳಗೆ ಕೂತಿದೀನಿ.”

“ಸುಕುಮಾರನ್ ಮೇನ್ ಇಳಿಸಿದಾನಾ? ನೋಡಿದ್ರಾ?”

“ಇಳಿಸಿರ್ತಾನೆ ಬಿಡೆ.”

“ನೋಡಿದ್ರಾ?”

ಬಾಲ್ಕನಿಯ ಬಾಗಿಲ ಸದ್ದು ಕೇಳಿಸಿತು. “ಅವನು ಕಾಣಿಸ್ತಿಲ್ಲ. ಕಂಬಕ್ಕೆ ಏಣಿ ಹಾಕಿದಾರೆ. ಒಬ್ಬ ಹತ್ತುತಾ ಇದಾನೆ.”

ಕೂಗಿ ಅವನನ್ನು ನಿಲ್ಲಿಸಿ, ಆಮೇಲೆ ಮೇಲೆ ಓಡಿ ಆರಿಸಿ ಎಂದೆ. ಅವರು ಕೂಗಿದ್ದು ನನಗೂ ಕೇಳಿಸಿತು. ಬಾರದ ಮಲಯಾಳದಲ್ಲಿ, ನಡುವೆ ಕನ್ನಡ ಸೇರಿಸಿ, ಗಂಟಲು ಹರಿಯುವಂತೆ ಕೂಗುತ್ತಿದ್ದರು. ಆಮೇಲೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು, ಏದುಸಿರು, ಚಾವಣಿಯ ಕಬ್ಬಿಣದ ಬಾಗಿಲು. ಆ ಎರಡು ನಿಮಿಷ ನಾನು ವರಾಂಡದ ಕಂಬ ಹಿಡಿದು ನಿಂತಿದ್ದೆ. ಆರಿಸಿದೆ ಎಂದರು. ಕಂಬದವನು ಅರ್ಧ ಏಣಿಯಲ್ಲೇ ನಿಂತು, ಏನೆಂದು ಕೇಳಿ, ಇವರ ಮಾತು ಅರ್ಥವಾಗದೆ ಕೈಬೀಸಿದನಂತೆ. ಕೆಳಗೆ ಹೋಗಿ ನೋಡಿದರೆ ಮೇನ್ ಸ್ವಿಚ್ ಇಳಿದಿರಲಿಲ್ಲ.

ಎರಡು ಗಂಟೆಗೆ ಎಂಜಿನಿಯರ್ ಮೇಡಂ ಕೋಣೆಗೆ ಹೋದಾಗ ಅವರು ಸ್ವಿಚ್ ಕೈಬಿಟ್ಟು ಟಿಪ್ಪಣಿ ಬರೆಯಲು ಪೆನ್ನು ತೆಗೆದಿದ್ದರು. ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಹನ್ನೆರಡು ಮನೆಯವರು ನನ್ನನ್ನು ಹೊತ್ತು ಮೆರೆಸುತ್ತಿದ್ದರು. ನಾನು ಬೆಳಗ್ಗೆ ಸುಳ್ಳು ಹೇಳಿದೆ, ಫಲಕ ಚಾಲೂ ಇದೆ, ಯಂತ್ರದ ಕಣ್ಣಿಗೆ ಮಣ್ಣೆರಚಿ ಓಡಿಸುತ್ತಿದ್ದೇವೆ ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಜಗಳ ಆಡಿ ಹಗುರಾಗುತ್ತಿದ್ದೆ. ಕೊಚ್ಚಿಗೆ ಫೋನ್ ಮಾಡಿ, ನಾಳೆಯೇ ಫಲಕಕ್ಕೆ ಸೀಲ್ ಹಾಕಲು ಹೇಳಿ, ಅರ್ಜಿಯ ಮೇಲೆ ‘ತಿರಸ್ಕೃತ’ ಎಂದು ಬರೆದು ನನ್ನ ಕಡೆ ತಳ್ಳಿದರು. ಸ್ವಿಚ್ ಹಾಕಿಸಿ ಹೊಸ ಅರ್ಜಿ ಕೊಟ್ಟರೆ ನೋಡೋಣ ಎಂದರು.

ಮೂರೂವರೆಯ ರೈಲು, ಬೇಕೆಂದೇ ಮಾಡಿದಂತೆ, ಸಮಯಕ್ಕೆ ಸರಿಯಾಗಿ ಹೊರಟಿತು. ವರ್ಕಲಾ ದಾಟಿದ ಮೇಲೆ ಫ್ಲಾವಿಯಾ ಒಂದು ಚಹಾ ತಂದು ಕೈಗಿಟ್ಟಳು. ಬೈಯಲು ಯಾರೂ ಉಳಿದಿರಲಿಲ್ಲ, ನನ್ನನ್ನು ಬಿಟ್ಟರೆ. ಎರ್ನಾಕುಲಂವರೆಗೂ ಅದನ್ನೇ ಮಾಡಿದೆ.

ಮರುದಿನ ಹತ್ತಕ್ಕೆ ಸೀಲ್ ಹಾಕಲು ಒಬ್ಬ ಲೈನ್‌ಮನ್ ಬಂದ. ಮೂವತ್ತರ ಪ್ರಾಯ, ನಗುಮುಖ. ಚಾವಣಿಗೆ ಕರೆದೊಯ್ದೆ, ಫ್ಲಾವಿಯಾಳೂ ಬಂದಳು. ತಂತಿ ಬಿಚ್ಚಿ, ಪೆಟ್ಟಿಗೆ ಮುಚ್ಚಿ, ಸೀಲ್ ಒತ್ತುತ್ತಾ ಅವನು ನನ್ನ ಪರವಾಗಿ ಮರುಗಿದ. ಇಷ್ಟು ಒಳ್ಳೆಯ ಫಲಕ, ಇಷ್ಟು ಬಿಸಿಲು, ದಂಡವಾಯಿತಲ್ಲ ಚೇಚಿ, ತಿರುವನಂತಪುರದಲ್ಲಿ ಎ.ಸಿ. ಕೋಣೆಯಲ್ಲಿ ಕೂತವರು ಯಾರನ್ನೂ ಏನನ್ನೂ ಮಾಡಲು ಬಿಡುವುದಿಲ್ಲ ಎಂದ. ಎರಡು ದಿನ ದಾರಿಯುದ್ದಕ್ಕೂ ನಾನು ಹೇಳಿದ್ದ ಮಾತೇ ಅದು.

ಮೊನ್ನೆಯ ಲೈನ್ ಕೆಲಸಕ್ಕೆ ಕಂಬ ಹತ್ತಿದವರು ಯಾರು ಎಂದು ಕೇಳೆಂದು ಫ್ಲಾವಿಯಾಗೆ ಹೇಳಿದೆ. ಮೊನ್ನೆಯಲ್ಲ, ನಿನ್ನೆ ಎಂದು ಅವಳು ತಿದ್ದಿದಳು. ನನಗೆ ಅದಾಗಿ ಬಹಳ ದಿನವಾದಂತಿತ್ತು. ನಾನೇ ಎಂದ ಅವನು. ಬಾಲ್ಕನಿಯಿಂದ ಒಬ್ಬರು ಅಂಗಿ ಇಲ್ಲದೆ ಕೂಗಾಡುತ್ತಿದ್ದರು, ಯಾರೋ ಪಾಪ, ಬುದ್ಧಿ ಸರಿಯಿಲ್ಲ ಎಂದುಕೊಂಡೆವು ಎಂದು ನಕ್ಕ.

ಅವರು ನನ್ನ ಗಂಡ ಎಂದೆ. ಯಾಕೆ ಕೂಗಿದರೆಂದು ನನ್ನ ಮುರುಕು ಮಲಯಾಳದಲ್ಲಿ ನಾನೇ ಹೇಳಿದೆ. ತಡವರಿಸಿದಾಗ ಫ್ಲಾವಿಯಾ ಶಬ್ದ ಕೊಟ್ಟಳು. ಅವನ ಮುಖದ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಬಾಲ್ಕನಿಯ ಕಡೆಗೆ, ಆಮೇಲೆ ಕೆಳಗಿನ ಕಂಬದ ಕಡೆಗೆ ನೋಡಿದ. ಬೈಯುತ್ತಾನೆಂದು ಕಾದೆ. ಅವನು ಪೆಟ್ಟಿಗೆಯ ಹತ್ತಿರ ಹೋಗಿ, ಆಗಲೇ ಹಾಕಿದ್ದ ಸೀಲನ್ನು ಕೈಯಿಂದ ಎಳೆದು ನೋಡಿದ. ಮತ್ತೊಮ್ಮೆ ಎಳೆದು ನೋಡಿದ.