ನ್ಯೂಟ್ರಲ್ ಮರೆತ ಮಂಟಯ್ಯ

ಬೆಳಗಿನ ಜಾವ ಐದೂಕಾಲು. ಕೆಸರೆಯ ಟ್ರಾವೆಲ್ಸ್ ಶೆಡ್ಡಿನಲ್ಲಿ ಮಂಟಯ್ಯ ಬಿಳಿ ಕಾರಿನ ಮೂತಿಯಿಂದ ಚಾರ್ಜಿಂಗ್ ಗನ್ ಕಿತ್ತು, ವೈರನ್ನು ಹಗ್ಗದಂತೆ ಸುತ್ತಿ ಮೊಳೆಗೆ ನೇತುಹಾಕುತ್ತಾರೆ. ಚಕ್ರಗಳ ಗಾಳಿ ನೋಡುತ್ತಾರೆ. ನೋಡಲು ಇಂಜಿನ್ ಆಯಿಲ್ ಇಲ್ಲ. ಆದರೂ ಇಪ್ಪತ್ತೊಂಬತ್ತು ವರ್ಷ ಸ್ಟೀರಿಂಗ್ ಹಿಡಿದ ಕೈ ಒಮ್ಮೆ ಬಾನೆಟ್ಟಿನ ಕಡೆ ಹೋಗಿ ಹಿಂದೆ ಬರುತ್ತದೆ.

ಪಕ್ಕದಲ್ಲಿ ಚಾಲಕ ದಿಲೀಪ್ ತಮ್ಮ ಡೀಸೆಲ್ ಕಾರಿನ ಕೀಲಿ ತಿರುಗಿಸುತ್ತಾರೆ. ಕಪ್ಪು ಹೊಗೆ ಶೆಡ್ಡಿನ ತಗಡಿಗೆ ಬಡಿಯುತ್ತದೆ.

"ಮಂಟಣ್ಣ, ಮೊಬೈಲು ಚಾರ್ಜ್ ಆಯ್ತಾ?"

"ಆಯ್ತು ಕಣಪ್ಪ. ನಿನ್ ಸೀಮೆಎಣ್ಣೆ ಸ್ಟವ್ ಅತ್ಕತ್ತಾ?"

ಇಬ್ಬರೂ ನಗುತ್ತಾರೆ. ಆದರೆ ಈ ವಾರ ಮಂಟಯ್ಯನವರ ನಗೆ ಬೇಗ ಮುಗಿಯುತ್ತದೆ. ಮಾಲೀಕ ವೃಷಭೇಂದ್ರಪ್ಪ ಈ ವಿದ್ಯುತ್ ಕಾರನ್ನು ಕೊಂಡದ್ದು ಒಂದು ವರ್ಷದ ಪರೀಕ್ಷೆಗೆಂದು. ಸೋಮವಾರಕ್ಕೆ ವರ್ಷ ತುಂಬುತ್ತದೆ. ಅವರು ಒಪ್ಪಿದರೆ ಕಾರು ಉಳಿಯುತ್ತದೆ, ಇಲ್ಲವಾದರೆ ಮಾರಾಟವಾಗುತ್ತದೆ. ಶೆಡ್ಡಿನ ಉಳಿದ ಐದೂ ಕಾರುಗಳಿಗೆ ಕ್ಲಚ್ ಇದೆ. ಐವತ್ತಾರರ ಮಂಟಯ್ಯನವರ ಎಡ ಮೊಣಕಾಲು ಸವೆದುಹೋಗಿದೆ, ಇನ್ನು ಕ್ಲಚ್ ತುಳಿಯಬೇಡಿ ಎಂದು ವೈದ್ಯರು ಖಡಾಖಂಡಿತವಾಗಿ ಹೇಳಿದ್ದಾರೆ. ಅಂದರೆ ಅವರು ಓಡಿಸಬಲ್ಲ ಕಾರು ಇದೊಂದೇ.

ತಿ. ನರಸೀಪುರದ ಬಳಿಯ ಹಳ್ಳಿಯಿಂದ ಲಾರಿ ಕ್ಲೀನರಾಗಿ ಬಂದವರು ಅವರು. ಆಮೇಲೆ ಟೆಂಪೊ, ಜೀಪು, ಟ್ಯಾಕ್ಸಿ. ಈಗ ದಿನಕ್ಕೆ ಐದು ಸಲ ಚಾಮುಂಡಿ ಬೆಟ್ಟ ಹತ್ತಿ ಇಳಿಯುತ್ತಾರೆ, ಸುಮಾರು ನೂರಿಪ್ಪತ್ತು ಕಿಲೋಮೀಟರ್. ಮೊದಲು ಇದೇ ಕೆಲಸಕ್ಕೆ ದಿನಕ್ಕೆ ಎಂಟು ಲೀಟರ್ ಡೀಸೆಲ್ ಬೇಕಿತ್ತು ಎನ್ನುತ್ತಾರೆ. ಒಂದು ಲೀಟರ್ ಡೀಸೆಲ್ ಉರಿದರೆ ಎರಡೂವರೆ ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ.

ಹೊಸ ಕಾರಿನ ಮೊದಲ ತಿಂಗಳು ಅವರಿಗೆ ಮರೆಯಲಾಗದ್ದು. ಹಳೆಯ ಚಾಲಕರು ಬೆಟ್ಟ ಇಳಿಯುವಾಗ ಡೀಸೆಲ್ ಉಳಿಸಲು ಗಾಡಿಯನ್ನು ಗೇರಿನಿಂದ ಬಿಡಿಸಿ ನ್ಯೂಟ್ರಲ್‌ಗೆ ಹಾಕುವುದುಂಟು. ಅಪಾಯವೆಂದು ಗೊತ್ತಿದ್ದೂ ಬಿಡದ ಚಾಳಿ ಅದು. ಮಂಟಯ್ಯ ಈ ಕಾರಿನಲ್ಲೂ ಹಾಗೆಯೇ ಮಾಡಿದರು. ಆದರೆ ವಿದ್ಯುತ್ ಕಾರು ಗೇರಿನಲ್ಲಿದ್ದು ಇಳಿದರೆ ಅದರ ಮೋಟಾರೇ ವೇಗವನ್ನು ಹಿಡಿದು, ಉರುಳುವ ಚಕ್ರದಿಂದ ವಿದ್ಯುತ್ ತಯಾರಿಸಿ ಬ್ಯಾಟರಿಗೆ ತುಂಬುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಅದೆಲ್ಲ ನಷ್ಟ.

"ಉಳಿಸ್ತಾ ಇವ್ನಿ ಅಂದ್ಕಂಡು ದಿನಾ ಚೆಲ್ತಿದ್ದೆ ಕಣಮ್ಮ," ಎಂದು ಈ ವರದಿಗಾರ್ತಿಗೆ ಹೇಳುತ್ತಾರೆ. "ಒಂದಿನ ಸಂಜೆ ಚಾರ್ಜ್ ಮುಗ್ದು ತಪ್ಪಲಲ್ಲೇ ಗಾಡಿ ನಿಂತ್ಬುಡ್ತು. ಇಂದೆ ಒಂದು ಸಂಸಾರ, ಅವ್ರಿಗೆ ರೈಲು. ತಪ್ಪೋಯ್ತು. ಆ ಅಜ್ಜಿ ಬೈಲಿಲ್ಲ, ಸುಮ್ನೆ ನನ್ ಮುಖ ನೋಡುದ್ರು. ಬೈದಿದ್ರೇ ಚೆನ್ನಾಗಿತ್ತು."

ಇನ್ನೊಮ್ಮೆ ಹೀಗಾದರೆ ಕಾರು ಮಾರುತ್ತೇನೆಂದು ಮಾಲೀಕರು ಅಂದೇ ಹೇಳಿದರು. ಮರುದಿನದಿಂದ ಮಂಟಯ್ಯ ಪ್ರತಿ ಸಲ ಬೆಟ್ಟದ ಮೇಲೆ ಮತ್ತು ಕೆಳಗೆ ಚಾರ್ಜ್ ಎಷ್ಟಿದೆ ಎಂದು ಪುಸ್ತಕದಲ್ಲಿ ಬರೆದಿಡತೊಡಗಿದರು. ಆ ಪುಸ್ತಕದ ಪ್ರಕಾರ, ಗೇರಿನಲ್ಲೇ ಇಳಿದರೆ ಪ್ರತಿ ಸಲ ಒಂದೋ ಎರಡೋ ಪರ್ಸೆಂಟ್ ಹೆಚ್ಚುತ್ತದೆ. ಅಲ್ಪವೇ. ಆದರೆ ಐದು ಸಲದ್ದು ಕೂಡಿದರೆ ಕೆಸರೆಯ ಶೆಡ್ಡಿಗೆ ಮರಳಲು ಧಾರಾಳವಾಗಿ ಸಾಕಾಗುತ್ತದೆ. ಆ ಸಂಜೆಯ ನಂತರ ಕಾರು ಎಲ್ಲೂ ನಿಂತಿಲ್ಲ.

ಹೊಸ ವಾಹನ ಕೊಂಡವರು ಪೂಜೆಗೆ ಬೆಟ್ಟಕ್ಕೆ ಬರುತ್ತಾರೆ. ಅವುಗಳಲ್ಲಿ ವಿದ್ಯುತ್ ಕಾರುಗಳೂ ಈಗ ಕಾಣುತ್ತವೆ. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಹೊರಟವರ ಕಿಟಕಿಗೆ ಬಗ್ಗಿ ಮಂಟಯ್ಯ ಹೇಳುತ್ತಾರೆ: "ಸಾರ್, ಇಳೀವಾಗ ನ್ಯೂಟ್ರಲ್ ಮುಟ್ಬೇಡಿ. ಗಾಡಿ ತಾನೇ ಇಡ್ಕತದೆ, ಬಿಡಿ." ಕೆಲವರು ಕೇಳಿಸಿಕೊಳ್ಳುತ್ತಾರೆ. ಕೆಲವರು ಟಿಪ್ಸಿಗೆ ಬಂದವರೆಂದು ಗಾಜು ಏರಿಸುತ್ತಾರೆ.

ಕಾರು ನಿಲ್ಲಿಸುವ ಜಾಗದ ಅಂಚಿನಲ್ಲಿ ಹೂ ಮಾರುವ ಚಲುವಮ್ಮನವರದು ಬೇರೆ ದೂರು. "ಇವ್ನು ಬಂದಿದ್ದೇ ಗೊತ್ತಾಗಕಿಲ್ಲ ಕಣವ್ವ, ದೆವ್ವ ಬಂದಂಗೆ ಬತ್ತಾನೆ."

"ದೆವ್ವಕ್ಕೂ ಒಂದು ಮೊಳ ಮಲ್ಲಿಗೆ ಕೊಡು ಮತ್ತೆ."

ಚಲುವಮ್ಮ ಕೊಡುವುದಿಲ್ಲ. ಆದರೆ ಆಮೇಲೆ ಹೇಳುತ್ತಾರೆ: "ಬ್ಯಾರೆ ಗಾಡಿಯೋರು ಎಸಿಗೆ ಅಂತ ಇಂಜಿನ್ ಆನ್ ಮಾಡ್ಕಂಡೇ ನಿಂತಿರ್ತಾರೆ. ಸಂಜೆ ಒತ್ಗೆ ಹೂವೆಲ್ಲ ಡೀಸೆಲ್ ನಾತ. ಇವ್ನ ಗಾಡಿ ಪಕ್ಕದಲ್ಲಿದ್ರೆ ಹೂವು ಹೂವಾಗೇ ಇರ್ತದೆ."

ಹೊಗೆ ಕಾಣದಿದ್ದರೆ ಮಾಲಿನ್ಯವೇ ಇಲ್ಲ ಎಂದು ಬರೆಯಲಾಗದು. ನಮ್ಮ ವಿದ್ಯುತ್ತಿನ ಒಂದು ಪಾಲು ಕಲ್ಲಿದ್ದಲಿನಿಂದ ಬರುತ್ತದೆ, ಬ್ಯಾಟರಿ ತಯಾರಿಸಲು ಗಣಿಯೂ ಬೇಕು. ಇವನ್ನೆಲ್ಲ ಲೆಕ್ಕಕ್ಕೆ ಹಿಡಿದರೂ ಇಡೀ ಬಾಳಿಕೆಯಲ್ಲಿ ವಿದ್ಯುತ್ ಕಾರಿನದೇ ಕಡಿಮೆ ಹೊರೆ. ಬಿಸಿಲಿನಿಂದ ಚಾರ್ಜ್ ಮಾಡಿದರಂತೂ ಇನ್ನೂ ಕಡಿಮೆ. ಶೆಡ್ಡಿನ ಚಾವಣಿಯ ಮೇಲೆ ಸೌರಫಲಕಗಳಿವೆ. ಮಂಟಯ್ಯ ಮಧ್ಯಾಹ್ನ ಮುದ್ದೆ ಉಣ್ಣಲು ಬಂದಾಗ ಕಾರಿಗೂ ಅದೇ ಊಟದ ಹೊತ್ತು.

ವರ್ಷದ ಹಿಂದೆ ಈ ಕಾರಿಗಾಗಿ ವೃಷಭೇಂದ್ರಪ್ಪ ನಾಲ್ಕು ತಿಂಗಳು ಕಾದಿದ್ದರು. ಈಗ ಶೋರೂಮಿನವರೇ ಫೋನ್ ಮಾಡುತ್ತಾರೆ, ಆರಿಸಲು ನಾಲ್ಕಾರು ಬಗೆಯ ಕಾರುಗಳಿವೆ, ಸೆಕೆಂಡ್ ಹ್ಯಾಂಡೂ ಸಿಗುತ್ತದೆ. ಚಾರ್ಜಿಂಗ್ ಜಾಗಗಳು ಇನ್ನೂ ಸಾಲವು. ಒಂದು ಕೆಟ್ಟಿದ್ದರೆ ಇನ್ನೊಂದರ ಮುಂದೆ ಸಾಲು ನಿಲ್ಲಬೇಕಾಗುತ್ತದೆ. ಅದಕ್ಕೇ ಮಂಟಯ್ಯ ಚಾರ್ಜನ್ನು ಎಂದೂ ಇಪ್ಪತ್ತು ಪರ್ಸೆಂಟಿಗಿಂತ ಕೆಳಗೆ ಇಳಿಸುವುದಿಲ್ಲ.

ಸೋಮವಾರ ಬೆಳಿಗ್ಗೆ ವೃಷಭೇಂದ್ರಪ್ಪ ತಾವೇ ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಬೆಟ್ಟದ ಮೇಲೆ ಕೈಮುಗಿದು, ಇಳಿಯುವಾಗ ಮೀಟರನ್ನೇ ನೋಡುತ್ತಾರೆ. ಅರವತ್ತೊಂದು ಇದ್ದದ್ದು ತಪ್ಪಲಿಗೆ ಬರುವಾಗ ಅರವತ್ತಮೂರು.

"ಇದನ್ನ ಮಾರಲ್ಲ, ಇಂಥವೇ ಇನ್ನೂ ಎರಡು ಕಾರು ಬುಕ್ ಮಾಡ್ತೀನಿ ಕಣಯ್ಯ," ಎನ್ನುತ್ತಾರೆ ಮಾಲೀಕರು. "ದಿಲೀಪನಿಗೂ ಇನ್ನೊಬ್ಬನಿಗೂ ನೀನೇ ಒಂದು ವಾರ ಪಕ್ಕದಲ್ಲಿ ಕೂತು ಕಲಿಸ್ಬೇಕು. ಮೊದಲು ಬರೋ ಹೊಸದು ನಿಂಗೆ."

ಮಂಟಯ್ಯ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸುತ್ತಾರೆ. ಎಡಗಾಲು ಚಾಚಿ ಮೊಣಕಾಲು ಒತ್ತಿಕೊಳ್ಳುತ್ತಾರೆ.

"ಹೊಸ್ದು ದಿಲೀಪಂಗೇ ಕೊಡಿ ಸಾರ್," ಎನ್ನುತ್ತಾರೆ. "ನಂಗೆ ಇದೇ ಇರ್ಲಿ. ಎಷ್ಟು ಚಾರ್ಜಿಗೆ ಎಲ್ಲೀಗಂಟ ಓಯ್ತೀನಿ ಅಂತ ಇದು ನಂಗೆ ಸುಳ್ಳೇಳಕಿಲ್ಲ."